ಅರ್ಥಿಂಗ್ ಪೈಪಿಗೆ ಕಟ್ಟಿದ ನಾಯಿ

ಹೊಸದಾಗಿ ಲೈನ್‌ಮನ್ ಕೆಲಸಕ್ಕೆ ಸೇರಿದವರು ಆಗಾಗ ನನ್ನ ಮನೆಗೆ ಬಂದು ಕೂರುತ್ತಾರೆ. ಕಂಬ ಹತ್ತುವುದು ಹೇಗೆ, ಫ್ಯೂಸ್ ಹಾಕುವುದು ಹೇಗೆ, ಲೈನ್ ಬಂದ್ ಮಾಡಿಸದೆ ತಂತಿಗೆ ಏಕೆ ಕೈ ಹಚ್ಚಬಾರದು ಎಂಬುದನ್ನೆಲ್ಲ ಅವರಿಗೆ ತರಬೇತಿಯಲ್ಲಿ ಹೇಳಿಕೊಟ್ಟಿರುತ್ತಾರೆ. ನಾಯಿಯ ಬಗ್ಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ. ಮೂವತ್ತನಾಲ್ಕು ವರ್ಷಗಳ ನೌಕರಿಯಲ್ಲಿ ಕರೆಂಟು ನನ್ನನ್ನು ಹಿಡಿದದ್ದು ಎರಡು ಸಲ, ನಾಯಿ ಹಿಡಿದದ್ದು ಐದು ಸಲ. ಯಾವ ಪಾಠ ಹೆಚ್ಚು ಬೇಕಿತ್ತು ಎಂಬುದನ್ನು ನೀವೇ ಹೇಳಿ.

ಎಲ್ಲಿ ಬಡ್ತಿ ಸಿಕ್ಕಿತು, ಯಾವ ಸಾಹೇಬರು ಶಾಲು ಹೊದಿಸಿದರು ಎಂದು ಬರೆದರೆ ನನ್ನ ಹೆಂಡತಿಯೂ ಓದುವುದಿಲ್ಲ. ನಾಯಿಗಳ ವಿಷಯ ಬರೆಯುತ್ತೇನೆ. ಅದಕ್ಕೊಂದು ಕಾರಣವಿದೆ. ದುಂಡಸಿಯಲ್ಲಿ ನಾನು ಹೇಳಿದ ಒಂದು ಮಾತಿನಿಂದ ಒಂದು ನಾಯಿ ದಿನಗಟ್ಟಲೆ ಸಂಕಟಪಟ್ಟಿತು. ಆ ಮನೆಯ ಹಸುಗೂಸಿನ ಜೀವ ಕೂದಲೆಳೆಯ ಅಂತರದಲ್ಲಿ ಉಳಿಯಿತು. ಕಚೇರಿಯ ಯಾವ ರಿಪೋರ್ಟಿನಲ್ಲೂ ನಾನು ಅದನ್ನು ಬರೆದಿಲ್ಲ. ನಿವೃತ್ತನಾದ ಮೇಲಾದರೂ ಬರೆದು ಹಗುರಾಗಬೇಕು.

ಮೊದಲು ತಿಳವಳ್ಳಿಯಿಂದ ಶುರು ಮಾಡುತ್ತೇನೆ. ಅದು ನನ್ನ ಮೊದಲ ಊರು. ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಒಂದು ಮನೆಯವರು ಕರೆಂಟು ಹೋಗಿದೆ ಎಂದು ಹೇಳಿಕಳಿಸಿದ್ದರು. ಹೆಗಲ ಮೇಲೆ ಏಣಿ ಹೊತ್ತುಕೊಂಡು ಅಂಗಳಕ್ಕೆ ಕಾಲಿಟ್ಟೆ. ಒಂದು ನಾಯಿ ಬೊಗಳುತ್ತ ಎದ್ದಿತು. ಒಳಗಿನಿಂದ ಯಜಮಾನರು, ಅದೇನೂ ಕಚ್ಚುವುದಿಲ್ಲ, ಬನ್ನಿ ಎಂದರು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ನನಗೂ ಗೊತ್ತಿತ್ತು, ಯಜಮಾನರಿಗೂ ಗೊತ್ತಿತ್ತು. ನಾಯಿಗೆ ಗೊತ್ತಿರಲಿಲ್ಲ. ಮೀನಖಂಡದಲ್ಲಿ ಅದರ ಎರಡು ಹಲ್ಲಿನ ಗುರುತು ಇವತ್ತಿಗೂ ಇದೆ.

ಆಗ ನಮ್ಮ ಮೇಸ್ತ್ರಿ ಫಕ್ಕೀರಪ್ಪನವರು. ಸಿಡುಕಿನ ಮನುಷ್ಯ, ಆದರೆ ಕೆಲಸದಲ್ಲಿ ಅವರಿಗೆ ಸಾಟಿ ಇರಲಿಲ್ಲ. ನನ್ನನ್ನು ನಲ್ಲಿಯ ಕೆಳಗೆ ಕೂರಿಸಿ ಸೋಪು ಹಚ್ಚಿ ಕಾಲು ಗಂಟೆ ಗಾಯ ತೊಳೆಸಿದರು. ಸುಣ್ಣ, ಅರಿಸಿನ ಹಿಡಿದು ಬಂದವರನ್ನು ಬೈದು ಕಳಿಸಿದರು. ತಾವೇ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದು ಸೂಜಿ ಹಾಕಿಸಿದರು. ಆ ಮನೆಯವರಿಗೂ, ನಾಯಿ ಸಾಕಿದ ಮೇಲೆ ವರ್ಷಕ್ಕೊಮ್ಮೆ ಅದಕ್ಕೆ ಹುಚ್ಚಿನ ಸೂಜಿ ಹಾಕಿಸುವುದು ನಿಮ್ಮ ಕೆಲಸವಲ್ಲವೇ ಎಂದು ಮುಖಕ್ಕೇ ಕೇಳಿದರು. ಬರುವಾಗ ದಾರಿಯಲ್ಲಿ ನಾನು ಆ ನಾಯಿಯನ್ನು ಶಪಿಸುತ್ತಿದ್ದೆ.

“ನಿನ್ನ ಹೆಗಲ ಮ್ಯಾಲೆ ಇರೂದು ನಿನಗ ಏಣಿ, ಅದಕ್ಕ ಬಡಿಗಿ,” ಎಂದರು ಮೇಸ್ತ್ರಿ. “ಅಷ್ಟುದ್ದ ಬಡಿಗಿ ಹೊತ್ಕೊಂಡು ಮನೀಗೆ ಬರಾಂವನ್ನ ನೀನಾದ್ರ ಸುಮ್ಮನ ಬಿಡ್ತಿದ್ದೇನು?”

ಅವತ್ತಿನಿಂದ ನಾನು ಏಣಿಯನ್ನು ಬೀದಿಯಲ್ಲೇ ಮಲಗಿಸಿ, ಬರಿಗೈಯಲ್ಲಿ ಒಳಗೆ ಹೋಗುತ್ತಿದ್ದೆ. ಮನೆಯವರು ಬಂದು ನಾಯಿಯ ಪಕ್ಕದಲ್ಲಿ ನಿಲ್ಲುವ ತನಕ ಬಾಗಿಲಲ್ಲೇ ನಿಲ್ಲುತ್ತಿದ್ದೆ. ನಾಯಿ ಮೂಸುವಷ್ಟು ಮೂಸಲಿ ಎಂದು ಬಿಡುತ್ತಿದ್ದೆ. ಇದಕ್ಕೆ ಎರಡು ನಿಮಿಷ ಹಿಡಿಯುತ್ತದೆ. ಈಗಿನವರು ಕೈಯಲ್ಲಿ ಬಿಲ್ಲಿನ ಮಷಿನ್ ಹಿಡಿದು ಒಂದೇ ಬೆಳಿಗ್ಗೆ ನೂರಾರು ಮನೆ ತಿರುಗಬೇಕು, ಎರಡು ನಿಮಿಷ ಎಲ್ಲಿಂದ ತರೋಣ ಎನ್ನುತ್ತಾರೆ. ಕಚ್ಚಿಸಿಕೊಂಡರೆ ಆಸ್ಪತ್ರೆಗೆ ಎಷ್ಟು ಸಲ ಅಲೆಯಬೇಕೆಂದು ನಾನು ಅವರಿಗೆ ಹೇಳುತ್ತೇನೆ. ಆಮೇಲೆ ಅವರು ಚಹಾ ಕುಡಿದು ಹೋಗುತ್ತಾರೆ.

ಹಿರೇಕೆರೂರಿನಲ್ಲಿ ಇದ್ದಾಗ ಒಬ್ಬ ಶಾಲಾ ಮಾಸ್ತರರ ಮನೆಯಲ್ಲಿ ಹಲ್ಲು ಬರುತ್ತಿದ್ದ ಮರಿಯಿತ್ತು. ಟಿವಿಯ ವೈರನ್ನು ಕಡಿದುಹಾಕಿತ್ತು. ನಾನು ಕಡಿದ ಜಾಗಕ್ಕೆ ಟೇಪು ಸುತ್ತಿ ಬಂದೆ. ಹದಿನೈದು ದಿನಕ್ಕೆ ಮತ್ತೆ ಕರೆ ಬಂತು. ಈ ಸಲ ಮರಿಯ ತುಟಿ ಸುಟ್ಟಿತ್ತು. ಮಾಸ್ತರರ ಹೆಂಡತಿ ಗಾಬರಿಯಲ್ಲೂ ಮೊದಲು ಸ್ವಿಚ್ ಆರಿಸಿ, ಆಮೇಲೆ ಮರಿಯನ್ನು ಎತ್ತಿದ್ದರು. ಹಾಗೆ ಮಾಡದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ. ನಾನು ಟೇಪು ಸುತ್ತಿದ್ದು ವೈರಿಗೇ ಹೊರತು ಮರಿಯ ಹಲ್ಲಿಗಲ್ಲ ಎಂಬುದು ಆಗ ಹೊಳೆಯಿತು. ವೈರನ್ನೆಲ್ಲ ಆಳೆತ್ತರಕ್ಕೆ ಏರಿಸಿ ಕೊಟ್ಟೆ. ಕಡಿಯಲು ಒಂದು ಹಳೆಯ ಹಗ್ಗವನ್ನು ದಪ್ಪ ಗಂಟು ಹಾಕಿ ಕೊಡಲು ಹೇಳಿದೆ. ಮರಿ ಆ ಗಂಟನ್ನು ಹಗಲೆಲ್ಲ ಹೊತ್ತು ತಿರುಗುತ್ತಿತ್ತಂತೆ.

ನಾಯಿಯನ್ನು ಸುಖವಾಗಿ ಇಡುವುದು ಎಂದರೇನು ಎಂದು ನನಗೆ ತೋರಿಸಿದವರು ಸವಣೂರಿನ ಖಾದರಸಾಬರು. ಅವರದು ಎಲೆಬಳ್ಳಿಯ ತೋಟ. ತೋಟದ ಪಂಪಿನ ರಿಪೇರಿಗೆಂದು ನಾನು ಹೋಗುತ್ತಿದ್ದೆ. ಅವರ ನಾಯಿ ಶೇರು ತೋಟ ಕಾಯುತ್ತಿತ್ತು, ಮನೆಯೊಳಗೆ ಬರುತ್ತಿರಲಿಲ್ಲ. ಅದರ ಜೊಲ್ಲು ತಾಗಿದರೆ ನಮಾಜಿಗೆ ನಿಲ್ಲುವ ಮೊದಲು ತೊಳೆದುಕೊಳ್ಳಬೇಕೆಂದು ಖಾದರಸಾಬರು ತೋಟದಲ್ಲೇ ಬೇರೆ ಲುಂಗಿ ಇಟ್ಟಿದ್ದರು. ನೋಡಿದವರಿಗೆ, ಇವರಿಗೆ ನಾಯಿ ಎಂದರೆ ಆಗುವುದಿಲ್ಲ ಎನಿಸಬೇಕು. ಆದರೆ ಆ ನಾಯಿಗೆ ಮಳೆಗಾಲದ ಕೆಸರು ತಾಗದಂತೆ ಕಲ್ಲಿನ ಕಟ್ಟೆ ಇತ್ತು, ಮೇಲೆ ತೆಂಗಿನ ಗರಿಯ ನೆರಳಿತ್ತು, ಎರಡು ಹೊತ್ತು ತೊಳೆದಿಟ್ಟ ಅದರದೇ ಬೋಗುಣಿ ಇತ್ತು. ಕಟ್ಟುವಾಗಲೂ ಸರಪಳಿಯಿಲ್ಲ. ಎರಡು ಗೂಟಗಳ ನಡುವೆ ಉದ್ದಕ್ಕೆ ಹಗ್ಗ ಎಳೆದು, ಅದರಲ್ಲಿ ಒಂದು ಬಳೆ ಹಾಕಿ, ಬಳೆಗೆ ನಾಯಿಯ ಹಗ್ಗ ಕಟ್ಟಿದ್ದರು. ತೋಟದ ಈ ತುದಿಯಿಂದ ಆ ತುದಿಗೆ ಅದು ಓಡಾಡುತ್ತಿತ್ತು. ನೀವು ಮುಟ್ಟುವುದೇ ಅಪರೂಪ, ಇಷ್ಟೆಲ್ಲ ಉಪಚಾರ ಏಕೆ ಎಂದು ನಾನು ಚೇಷ್ಟೆ ಮಾಡಿದ್ದೆ. “ನಮ್ಮ ಮೈಗೆ ಅದರ ಜೊಲ್ಲು ಬ್ಯಾಡರಿ. ಅದರ ಮೈಗೆ ನಮ್ಮ ತ್ರಾಸೂ ಬ್ಯಾಡ,” ಎಂದರು ಅವರು.

ಇಷ್ಟೆಲ್ಲ ನೋಡಿ, ಕಲಿತು, ಹತ್ತು ಜನರಿಗೆ ಬುದ್ಧಿ ಹೇಳುವಷ್ಟು ದೊಡ್ಡವನಾದ ಮೇಲೆಯೇ ನಾನು ದುಂಡಸಿಯ ತಪ್ಪು ಮಾಡಿದೆ.

ನೌಕರಿಯ ಕೊನೆಯ ವರ್ಷಗಳು. ಶಿಗ್ಗಾಂವಿ ಕಡೆ ಇದ್ದೆ. ಹಳೆಯ ತಿರುಗುವ ಮೀಟರುಗಳನ್ನು ಕಿತ್ತು ಹೊಸವನ್ನು ಹಾಕುವ ಕೆಲಸ ನಡೆದಿತ್ತು. ದುಂಡಸಿಯ ಗಂಗವ್ವ ಎಂಬ ರೈತ ಹೆಣ್ಣುಮಗಳ ಮನೆಗೆ ಹೋದೆ. ಅವರ ಕರಿ ನಾಯಿ ಕಾಳ್ಯಾ ಮೀಟರಿನ ಕೆಳಗೇ ಮಲಗುತ್ತಿತ್ತು. ಅಲ್ಲಿಂದ ಎಬ್ಬಿಸಿದರೂ ಮತ್ತೆ ಬಂದು ಅಲ್ಲೇ ನಿಲ್ಲುತ್ತಿತ್ತು. ಬಿಸಿಲಿತ್ತು, ಇನ್ನೂ ಎಂಟು ಮನೆ ಬಾಕಿ ಇದ್ದವು, ನನಗೆ ಸಿಟ್ಟು ಬಂದಿತ್ತು. ಇದನ್ನು ಎಲ್ಲಿ ಕಟ್ಟಲಿ ಎಂದು ಗಂಗವ್ವ ಕೇಳಿದರು. ಗೋಡೆಯಿಂದ ಆಚೆಗೆ ಅರ್ಥಿಂಗ್ ಪೈಪು ನೆಲದಿಂದ ಮೇಲಕ್ಕೆ ಎದ್ದು ನಿಂತಿತ್ತು. ಮನೆಯ ವೈರಿಂಗಿನಲ್ಲಿ ಎಲ್ಲಾದರೂ ಕರೆಂಟು ಸೋರಿದರೆ ಅದು ನೆಲದೊಳಕ್ಕೆ ಇಳಿದುಹೋಗಲಿ ಎಂದು ಹೂಳುವ ಕಬ್ಬಿಣದ ಪೈಪು ಅದು.

“ಆ ಪೈಪಿಗೆ ಕಟ್ರಿ ಅಕ್ಕಾರ,” ಎಂದೆ. “ಎತ್ತು ಜಗ್ಗಿದರೂ ಅದು ಕೀಳೂದಿಲ್ಲ.”

ಅವರು ಕಬ್ಬಿಣದ ಸರಪಳಿ ತಂದು ಕಟ್ಟಿದರು. ನಾನು ಮೀಟರು ಹಾಕಿ ಮುಂದಿನ ಮನೆಗೆ ಹೋದೆ. ಲೈನ್‌ಮನ್ ಹೇಳಿದ ಜಾಗ ಎಂದು ಅವರು ಮುಂದೆಯೂ ನಾಯಿಯನ್ನು ಅಲ್ಲೇ ಕಟ್ಟುತ್ತ ಬಂದರು. ನನಗೆ ಮಾತ್ರ ಅದು ಬೀದಿ ದಾಟುವಷ್ಟರಲ್ಲಿ ಮರೆತುಹೋಗಿತ್ತು.

ವರ್ಷ ಕಳೆದಿರಬೇಕು. ಅದೇ ಓಣಿಯಲ್ಲಿ ಕಂಬದ ಮೇಲೆ ತಂತಿ ಸಡಿಲಾಗಿ ಕಿಡಿ ಹಾರುತ್ತಿದೆ ಎಂದು ದೂರು ಬಂತು. ಬೆಳಿಗ್ಗೆ ಹೋಗಿ, ಓಣಿಯ ತುದಿಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರಿನ ಡಬ್ಬಿಯಲ್ಲಿ ಕರೆಂಟು ಬಂದ್ ಮಾಡಿ, ಗಂಗವ್ವನವರ ಮನೆಯೆದುರಿನ ಕಂಬ ಹತ್ತಿದೆ. ಕೆಳಗೆ ಮೆಕ್ಕೆಜೋಳದ ಚೀಲ ಹೇರಿದ ಟೆಂಪೋ ನಿಂತಿತ್ತು. ಗಂಗವ್ವನವರ ಗಂಡ ಶಿವಪ್ಪನವರು ಕೈಯಲ್ಲಿ ಹಗ್ಗ ಹಿಡಿದಿದ್ದರು. ಗಂಗವ್ವ ಬಾಗಿಲಲ್ಲಿ ನಿಂತು ಅಳುತ್ತಿದ್ದರು. ಕಂಬದ ಮೇಲಿದ್ದವನಿಗೆ ಊರಿನ ಎಲ್ಲ ಜಗಳವೂ ಚೆನ್ನಾಗಿ ಕೇಳಿಸುತ್ತದೆ. ಅವರ ಮಗಳು ಸಾವಿತ್ರಿ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಮನೆಯಲ್ಲಿ ಹತ್ತು ದಿನದ ಕೂಸಿತ್ತು. ಕೂಸು ಮನೆಗೆ ಬಂದಾಗಿನಿಂದ ಕಾಳ್ಯಾ ದಿನಾ ಬೆಳಿಗ್ಗೆ ಊಳಿಡುತ್ತಿತ್ತು. ಅದೂ ಸರಿಯಾಗಿ ಕೂಸಿಗೆ ನೀರು ಎರೆಯುವ ಹೊತ್ತಿಗೆ. ನಾಯಿ ಊಳಿಟ್ಟರೆ ಸಾವು ಎಂಬ ನಂಬಿಕೆ ನಮ್ಮ ಕಡೆ ಎಷ್ಟು ಗಟ್ಟಿ ಎಂಬುದು ನಿಮಗೆ ಗೊತ್ತು. ಶಿವಪ್ಪನವರು ನಾಯಿಯನ್ನು ಟೆಂಪೋದಲ್ಲಿ ಹಾಕಿ ದೂರದ ಹೈವೇ ಬದಿಗೆ ಬಿಟ್ಟುಬರಲು ಟೆಂಪೋದವನಿಗೆ ಹೇಳಿದ್ದರು.

ನಾನು ಇಳಿದು ಬಂದಾಗ ಅವರು ನನ್ನನ್ನೇ ಸಾಕ್ಷಿಗೆ ಕರೆದರು. “ಹತ್ತ ದಿನದ ಕೂಸೈತ್ರಿ ಮನ್ಯಾಗ. ದಿನಾ ಇದರ ಊಳು ಕೇಳ್ಕೋಂತ ನಾ ಹೆಂಗ ಕುಂದ್ರಲಿ?”

ಎಂಟು ವರ್ಷ ಸಾಕಿದ ನಾಯಿಯನ್ನು ಬಿಟ್ಟುಬರಲು ಅವರಿಗೂ ಮನಸ್ಸಿರಲಿಲ್ಲ. ಕಾಳ್ಯಾನ ಸರಪಳಿಯನ್ನು ಇನ್ನೂ ಬಿಚ್ಚಿರಲಿಲ್ಲ. ನಾನು ಮನೆಯ ವಿಷಯ ಮನೆಯವರಿಗೆ ಎಂದುಕೊಂಡು ಓಣಿಯ ತುದಿಗೆ ಹೋಗಿ ಡಬ್ಬಿಯ ಹಿಡಿಕೆ ಏರಿಸಿದೆ. ಅದೇ ಗಳಿಗೆಗೆ ಕಾಳ್ಯಾ ಊಳಿಟ್ಟಿತು. ಶಿವಪ್ಪನವರು ಕೇಳಿದಿರಾ ಎಂಬಂತೆ ನನ್ನ ಕಡೆ ನೋಡಿದರು.

ನನ್ನ ಕೈ ಇನ್ನೂ ಹಿಡಿಕೆಯ ಮೇಲೆಯೇ ಇತ್ತು. ಏನೋ ಅನುಮಾನ ಬಂದು ಇಳಿಸಿದೆ. ಊಳು ನಿಂತಿತು. ಏರಿಸಿದೆ, ಮತ್ತೆ ಶುರುವಾಯಿತು. ಇಳಿಸಿದೆ, ನಿಂತಿತು. ಸಾವಿನ ಸುದ್ದಿ ಹೇಳುವ ನಾಯಿ ಕರೆಂಟಿನ ಹಿಡಿಕೆ ನೋಡಿಕೊಂಡು ಹೇಳುತ್ತದೆಯೇ? ಆಗ ನನ್ನ ಕಣ್ಣು ಸರಪಳಿಯ ಮೇಲೆ ಹೋಯಿತು, ಅಲ್ಲಿಂದ ಪೈಪಿನ ಮೇಲೆ. ವರ್ಷದ ಹಿಂದೆ ಆಡಿದ ಮಾತು ಪೂರ್ತಿಯಾಗಿ ನೆನಪಾಯಿತು.

ಕರೆಂಟು ಪೂರಾ ಬಂದ್ ಮಾಡಿ ಮನೆಯ ಕಡೆ ಓಡಿದೆ. ಒಳಗೆ ಏನು ಚಾಲು ಇದೆ ಎಂದು ಕೇಳಿದೆ. ಬಾಣಂತಿಯ ನೀರು ಕಾಯಲು ಇಟ್ಟಿದೆ ಎಂದರು ಗಂಗವ್ವ. ಬಾಣಂತಿಗೂ ಕೂಸಿಗೂ ಎರೆಯಲು ಹಂಡೆಗಟ್ಟಲೆ ಸುಡುನೀರು ಬೇಕು. ಒಲೆ ಊದುತ್ತ ಕೂರುವುದು ತಪ್ಪಲಿ ಎಂದು ಹೊಸದಾಗಿ ಕರೆಂಟಿನ ಕಾಯಿಲ್ ತಂದು ತಾಮ್ರದ ಹಂಡೆಗೆ ಇಳಿಬಿಟ್ಟಿದ್ದರು. ನೀರು ಆರಬಾರದೆಂದು ಎರೆಯುವಾಗಲೂ ಅದನ್ನು ಆರಿಸುತ್ತಿರಲಿಲ್ಲ. ನಾನು ಬಚ್ಚಲ ಬಾಗಿಲಿಗೆ ಹೋದರೆ, ಎರೆಯಲು ಬರುವ ನೀಲವ್ವ ಎಂಬ ಮುದುಕಿ ಮಣೆಯ ಮೇಲೆ ಕುಳಿತು, ಚಾಚಿದ ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡಿದ್ದರು. ಒಂದು ಕೈಯಲ್ಲಿ ಪ್ಲಾಸ್ಟಿಕ್ ತಂಬಿಗೆ. ಹಂಡೆ ಅವರಿಂದ ಗೇಣು ದೂರದಲ್ಲಿತ್ತು. ಗಂಡಸು ಬಾಣಂತಿಯ ಬಚ್ಚಲಿಗೆ ಬರುವುದೇನು ಎಂದು ಅವರು ನನಗೆ ಬೈಯತೊಡಗಿದರು. ಕರೆಂಟು ಬಂದ್ ಆಗಿದೆ ಎಂದು ಗೊತ್ತಿದ್ದರೂ ನಾನು, ಹಂಡೆ ಮುಟ್ಟಬೇಡಿ ಎಂದು ಕೈ ಮುಗಿದೆ. ಅವರ ಬೈಗುಳ ಕೇಳುತ್ತ ನಿಂತಾಗ ನನಗೆ ಹೋದ ಜೀವ ಬಂದಂತಾಯಿತು. ಬೈಯಲು ಅವರು ಬದುಕಿದ್ದರಲ್ಲ.

ಎಲ್ಲರನ್ನೂ ಹೊರಗೆ ಕರೆಸಿದೆ. ಕಾಳ್ಯಾನ ಸರಪಳಿ ಬಿಚ್ಚಿಸಿದೆ. ಆಮೇಲೆ ಕರೆಂಟು ಕೊಟ್ಟು ಟೆಸ್ಟರ್ ಇಟ್ಟು ನೋಡಿದೆ. ಪೈಪಿನ ಮೇಲೆ ಟೆಸ್ಟರಿನ ದೀಪ ಹತ್ತಿತು, ಹಂಡೆಯ ಮೇಲೂ ಹತ್ತಿತು. ಅಗ್ಗದ ಕಾಯಿಲ್ ಒಳಗೆ ಬಿರಿದು ಹಂಡೆಗೆಲ್ಲ ಕರೆಂಟು ಸೋರುತ್ತಿತ್ತು. ಅದು ಅರ್ಥ್ ವೈರಿನಲ್ಲಿ ಹರಿದು ಪೈಪಿನ ಮೂಲಕ ನೆಲಕ್ಕೆ ಇಳಿಯಬೇಕಿತ್ತು, ಆದರೆ ಇಳಿಯುತ್ತಿರಲಿಲ್ಲ. ಅರ್ಥಿಂಗ್ ಗುಂಡಿ ಯಾವಾಗಲೂ ಹಸಿಯಾಗಿರಬೇಕು. ಈ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ನೀರು ಹಾಕುತ್ತಿರಲಿಲ್ಲವೇ ಎಂದು ಕೇಳಿದೆ. ಮೊದಲು ದಿನಾ ಒಂದು ಕೊಡ ಸುರಿಯುತ್ತಿದ್ದರಂತೆ. ಕಾಳ್ಯಾನನ್ನು ಅಲ್ಲಿ ಕಟ್ಟಲು ಶುರು ಮಾಡಿದ ಮೇಲೆ, ಪಾಪ ಅದಕ್ಕೆ ಥಂಡಿಯಾಗುತ್ತದೆ ಎಂದು ಗಂಗವ್ವನವರೇ ನಿಲ್ಲಿಸಿದ್ದರು. ನಾಯಿಯ ಮೇಲಿನ ಮಮತೆಯೇ ನಾಯಿಗೆ ಮುಳುವಾಗಿತ್ತು. ಸೋರಿದ ಕರೆಂಟು ನೆಲ ಸೇರಲು ಸಿಕ್ಕ ದಾರಿ ಕಬ್ಬಿಣದ ಸರಪಳಿ ಮತ್ತು ಕಾಳ್ಯಾನ ನಾಲ್ಕು ಬರಿಗಾಲು. ನಾವು ಚಪ್ಪಲಿ ಮೆಟ್ಟಿರುತ್ತೇವೆ. ನಾಯಿ ಮೆಟ್ಟಿರುವುದಿಲ್ಲ. ಕೊರಳಪಟ್ಟಿಯ ಕೆಳಗೆ ಕೂದಲು ಉದುರಿ ಗಾಯವಾಗಿತ್ತು. ಯಾರೂ ನೋಡಿರಲಿಲ್ಲ. ನೀಲವ್ವನನ್ನೂ ಕೂಸನ್ನೂ ಅಷ್ಟು ದಿನ ಕಾದದ್ದು ಒಂದು ಮರದ ಮಣೆ, ಒಂದು ಪ್ಲಾಸ್ಟಿಕ್ ತಂಬಿಗೆ. ಒದ್ದೆ ಕೈ ಒಂದೇ ಒಂದು ಸಲ ಹಂಡೆಗೆ ತಾಗಿದ್ದರೆ ಮುಗಿದಿತ್ತು.

ಓಣಿಯ ಜನ ಕೂಡಿದರು. ಲೈನ್‌ಮನ್ ದೇವರ ಹಾಗೆ ಬಂದ ಎಂದು ಹೊಗಳಿದರು. ಶಿವಪ್ಪನವರು ಕಾಳ್ಯಾನ ಮುಂದೆ ನೆಲಕ್ಕೆ ಕುಳಿತುಬಿಟ್ಟಿದ್ದರು. ಟೆಂಪೋ ಬರೀ ಮೆಕ್ಕೆಜೋಳ ಹೊತ್ತು ಹೋಯಿತು. ಗಂಗವ್ವ ನನಗೆ ಕುರ್ಚಿ ಹಾಕಿ ಚಹಾ ತಂದುಕೊಟ್ಟರು. ಪೈಪಿಗೆ ಕಟ್ಟಲು ಹೇಳಿದ್ದು ಯಾರು ಎಂಬುದು ಅವರಿಗೆ ನೆನಪಿರಲಿಲ್ಲ. ಸುಮ್ಮನಿದ್ದಿದ್ದರೆ ನಾನು ಇವತ್ತಿಗೂ ದುಂಡಸಿಯಲ್ಲಿ ದೇವರೇ. ನಿಜ ಹೇಳುತ್ತೇನೆ, ಅರ್ಧ ಕಪ್ಪು ಚಹಾ ಮುಗಿಯುವ ತನಕ ಸುಮ್ಮನಿದ್ದೆ. ಆಮೇಲೆ ಕಪ್ಪನ್ನು ಕೆಳಗಿಟ್ಟೆ.

“ಅಕ್ಕಾರ, ಅದನ್ನ ಅಲ್ಲಿ ಕಟ್ಟಸಿದಾಂವ ನಾನ ರೀ,” ಎಂದೆ. “ಮೀಟರ್ ಹಾಕಾಕ ಬಂದಾಗ. ನನ್ನ ಕೆಲಸ ಲಗೂ ಆಗ್ಲಿ ಅಂತ ಹೇಳಿದ್ದೆ.”

ಗಂಗವ್ವ ನನ್ನನ್ನು ನೋಡಿದರು, ಕಾಳ್ಯಾನನ್ನು ನೋಡಿದರು. ಈಗ ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ನೀವು ಒಮ್ಮೆ ಹೇಳಿದ್ರಿ, ಅದನ್ನ ಕೇಳಿದ್ವಿ,” ಎಂದರು. “ಅದು ದಿನಾ ಹೇಳಾಕತ್ತಿತ್ತು, ಕೇಳಲಿಲ್ಲ. ಚಾ ಆರತೈತಿ, ಕುಡೀರಿ.”

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಯಾವ ಮನೆಗೆ ಹೋದರೂ ಮೀಟರ್ ನೋಡುವ ಮೊದಲು ನಾಯಿಯನ್ನು ಎಲ್ಲಿ ಕಟ್ಟಿದ್ದಾರೆ ಎಂದು ನೋಡಿ. ಅರ್ಥಿಂಗ್ ಪೈಪು, ಕಂಬ, ಕಂಬವನ್ನು ಎಳೆದು ಹಿಡಿಯುವ ತಂತಿ, ಟಿಸಿಯ ಬೇಲಿ, ಇವುಗಳಿಗೆ ಕಟ್ಟಿದ್ದರೆ ಮೊದಲು ಬಿಚ್ಚಿಸಿ. ಕಬ್ಬಿಣದ ಸರಪಳಿ ಬೇಡ, ಬಟ್ಟೆಯ ಪಟ್ಟಿ, ನೂಲಿನ ಹಗ್ಗ ಸಾಕು. ಇದ್ದಕ್ಕಿದ್ದಂತೆ ನಾಯಿ ಒಂದು ಜಾಗದಲ್ಲಿ ಮಲಗಲು ಒಲ್ಲೆ ಎಂದರೆ, ಹೊತ್ತು ಹಿಡಿದು ಕೂಗಿದರೆ, ಶಕುನ ಕೇಳಲು ಹೋಗಬೇಡಿ, ಟೆಸ್ಟರ್ ತೆಗೆಯಿರಿ. ಮನೆಯವರಿಗೆ ಕರೆಂಟು ಸೋರಿದರೆ ತಾನೇ ಆರಿಹೋಗುವ ಸ್ವಿಚ್ ಹಾಕಿಸಲು ಹೇಳಿ. ಹೇಳಿ ಸುಮ್ಮನಾಗಬೇಡಿ, ಹಾಕಿದ್ದಾರೋ ಇಲ್ಲವೋ ಎಂದು ಇನ್ನೊಮ್ಮೆ ಹೋಗಿ ನೋಡಿ.

ದುಂಡಸಿಯಲ್ಲಿ ಅವತ್ತೇ ಮಧ್ಯಾಹ್ನ ನಾನು ನಿಂತು ಹೊಸ ಗುಂಡಿ ತೆಗೆಸಿ, ಇದ್ದಿಲು ಉಪ್ಪು ತುಂಬಿಸಿ, ಆ ಸ್ವಿಚ್ ಕೂಡ ಹಾಕಿದೆ. ಕಾಯಿಲ್ ತಿಪ್ಪೆಗೆ ಹೋಯಿತು. ಶಿವಪ್ಪನವರು ದನದ ದವಾಖಾನೆಯಿಂದ ಕಾಳ್ಯಾನ ಕೊರಳಿಗೆ ಮುಲಾಮು ತಂದರು. ಎಲ್ಲ ಸರಿಯಾಗಿತ್ತು. ಆದರೂ ಮರುದಿನ ಬೆಳಿಗ್ಗೆ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಮೊದಲ ಬಸ್ಸಿಗೆ ದುಂಡಸಿಗೆ ಹೋದೆ. ಏಕೆ ಬಂದೆ ಎಂದು ಯಾರೂ ಕೇಳಲಿಲ್ಲ. ಅವರೂ ಕೂಸಿಗೆ ಎರೆಯುವ ಹೊತ್ತನ್ನೇ ಕಾಯುತ್ತಿದ್ದರು. ಕಟ್ಟಿಗೆಯ ಒಲೆಯ ಮೇಲೆ ಹಂಡೆ ಕಾಯುತ್ತಿತ್ತು. ಸಾವಿತ್ರಿ ತಲೆಗೆ ಬಟ್ಟೆ ಕಟ್ಟಿಕೊಂಡು ಒಳಬಾಗಿಲಲ್ಲಿ ನಿಂತಿದ್ದಳು. ಶಿವಪ್ಪನವರೂ ಗಂಗವ್ವನೂ ಕಟ್ಟೆಯ ಮೇಲೆ ಕುಳಿತಿದ್ದರು. ಕಾಳ್ಯಾ ಕಟ್ಟಿಲ್ಲದೆ ಅಂಗಳದ ನಡುವೆ ಬಿಸಿಲಿಗೆ ಮಲಗಿತ್ತು.

ನೀಲವ್ವ ಮಣೆಯ ಮೇಲೆ ಕುಳಿತು ಕೂಸನ್ನು ಕಾಲ ಮೇಲೆ ಹಾಕಿಕೊಂಡರು. ಮೊದಲ ತಂಬಿಗೆ ನೀರು ಬಿದ್ದ ಸದ್ದು ಕೇಳಿಸಿತು. ನಾವು ನಾಲ್ಕೂ ಜನ ನಾಯಿಯನ್ನೇ ನೋಡುತ್ತಿದ್ದೆವು. ಎರಡನೆಯ ತಂಬಿಗೆಗೆ ಒಳಗಿನಿಂದ ಕೂಸು ಕಿರುಚಿ ಅತ್ತಿತು. ಕಾಳ್ಯಾ ಒಂದು ಕಣ್ಣು ತೆರೆದು ಬಚ್ಚಲ ಕಡೆ ನೋಡಿತು. ಮತ್ತೆ ಮುಚ್ಚಿ, ಕಾಲು ನೀಡಿ, ಮಗ್ಗಲು ಬದಲಿಸಿ ಮಲಗಿತು. ಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅವತ್ತು ಬೆಳಿಗ್ಗೆ ಆ ಮನೆಯಲ್ಲಿ ದನಿ ತೆಗೆದು ಅತ್ತದ್ದು ಕೂಸೊಂದೇ.